ನೀತಿಗೆ ಪರಲೋಕದ ಸಾಕ್ಷಿ ಬೇಕೆ?

ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಜಮೀನಿನ ದಾವೆಯ ವಿಚಾರಣೆ ಕೇಳುತ್ತ ಒಂದು ಬೆಳಗ್ಗೆ ಕುಳಿತಿದ್ದೆ. ಸಾಕ್ಷಿ ಹೇಳಲು ಬಂದ ಹಿರಿಯರೊಬ್ಬರು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡು ಕಟಕಟೆ ಹತ್ತಿದರು. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂಬ ವಾಕ್ಯವನ್ನು ಬೆಂಚ್ ಕ್ಲರ್ಕ್ ತಲೆಯೆತ್ತದೆ ಒಂದೇ ಉಸಿರಿಗೆ ಹೇಳಿಕೊಟ್ಟರು. ಹಿರಿಯರು ಮಾತ್ರ ಅದನ್ನು ಒಂದೊಂದೇ ಪದ ತೂಗಿ ಇಡುವವರಂತೆ ನಿಧಾನವಾಗಿ ಹೇಳಿದರು. ಅವರ ನಂತರ ಬಂದ ಎದುರು ಪಕ್ಷದ ಸಾಕ್ಷಿಯೂ ಅದೇ ವಾಕ್ಯ ಹೇಳಿ, ಅವರು ನುಡಿದದ್ದಕ್ಕೆ ನೇರ ವಿರುದ್ಧವಾದುದನ್ನು ನುಡಿದ. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳಾಗಿರಲೇಬೇಕಿತ್ತು. ದೇವರ ಹೆಸರಿನಲ್ಲಿ ಹೀಗಾಯಿತಲ್ಲ ಎಂದು ಅಲ್ಲಿದ್ದವರಲ್ಲಿ ಯಾರೂ ಹುಬ್ಬೇರಿಸಲಿಲ್ಲ.

ಕನ್ನಡದಲ್ಲಿ ಪ್ರಮಾಣ ಎಂಬ ಪದಕ್ಕೆ ಆಣೆ ಎಂಬ ಅರ್ಥವೂ ಇದೆ, ಪುರಾವೆ ಎಂಬ ಅರ್ಥವೂ ಇದೆ. ಈ ಎರಡು ಅರ್ಥಗಳು ಒಂದೇ ಪದದೊಳಗೆ ಕೂಡಿರುವುದರ ಹಿಂದೆ, ಮನುಷ್ಯ ತಾನಾಗಿ ಸತ್ಯ ಹೇಳುವವನಲ್ಲ, ಮೇಲೊಬ್ಬ ನೋಡುತ್ತಿದ್ದಾನೆ, ಇಲ್ಲಿ ತಪ್ಪಿಸಿಕೊಂಡರೂ ಸತ್ತ ಮೇಲೆ ಲೆಕ್ಕ ಒಪ್ಪಿಸಬೇಕು ಎಂಬ ಭಯವಿದ್ದರೆ ಮಾತ್ರ ಸರಿದಾರಿಯಲ್ಲಿ ನಡೆಯುತ್ತಾನೆ ಎಂಬ ಹಳೆಯ ನಂಬಿಕೆ ಕೆಲಸ ಮಾಡುತ್ತಿದೆ. ಶಾಲೆಗಳಲ್ಲಿ ನೀತಿ ಶಿಕ್ಷಣದ ಮಾತು ಬಂದಾಗಲೆಲ್ಲ ಈ ನಂಬಿಕೆ ಹೊಸ ಬಟ್ಟೆ ತೊಟ್ಟು ಬರುತ್ತದೆ. 2023ರ ಜನವರಿಯಲ್ಲಿ ಕರ್ನಾಟಕದ ಶಾಲೆಗಳ ನೀತಿ ಶಿಕ್ಷಣ ಹೇಗಿರಬೇಕೆಂದು ಅಂದಿನ ಶಿಕ್ಷಣ ಸಚಿವರು ಸಭೆ ಕರೆದಾಗ ಮಠಾಧೀಶರನ್ನೂ ಧಾರ್ಮಿಕ ಮುಖಂಡರನ್ನೂ ಆಹ್ವಾನಿಸಲಾಗಿತ್ತು. ನೀತಿಯ ವಿಷಯದಲ್ಲಿ ಮೊದಲು ಕೇಳಬೇಕಾದವರು ಅವರೇ ಎಂಬುದು ನಮಗೆ ಅಷ್ಟು ಸಹಜವಾಗಿ ತೋರುತ್ತದೆ. ಈ ಸಹಜತೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪರಲೋಕಕ್ಕೂ ಸತ್ಯಕ್ಕೂ ಗಂಟು ಹಾಕಿದ್ದನ್ನು ಕಾನೂನಿನ ಭಾಷೆಯಲ್ಲೇ ನೋಡಬಹುದಾದ ಒಂದು ಮೊಕದ್ದಮೆಯಿದೆ. 1744ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಕಲ್ಕತ್ತೆಯ ವ್ಯಾಪಾರಿ ಒಮಿಚಂದ್ ಮತ್ತು ಬಾರ್ಕರ್ ನಡುವಿನ ವ್ಯಾಜ್ಯ ಬಂದಿತು. ಒಮಿಚಂದ್ ಪರವಾಗಿ ಕಲ್ಕತ್ತೆಯಲ್ಲಿ ಸಾಕ್ಷ್ಯ ನುಡಿದಿದ್ದ ಹಿಂದೂಗಳು ಬೈಬಲ್ ಮುಟ್ಟಿರಲಿಲ್ಲ. ತಮ್ಮ ಪದ್ಧತಿಯಂತೆ ಬ್ರಾಹ್ಮಣನ ಪಾದ ಮುಟ್ಟಿ ಪ್ರಮಾಣ ಮಾಡಿದ್ದರು. ಕ್ರೈಸ್ತರಲ್ಲದವರ ಮಾತನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದೆ ಎಂಬುದು ಪ್ರಶ್ನೆ. ಸ್ವೀಕರಿಸಬಹುದು ಎಂದು ನ್ಯಾಯಾಧೀಶರು ತೀರ್ಮಾನಿಸಿದರು. ಆದರೆ ಅವರು ಕೊಟ್ಟ ಕಾರಣದೊಳಗೆ ಒಂದು ಷರತ್ತಿತ್ತು: ಒಳ್ಳೆಯದಕ್ಕೆ ಫಲವನ್ನೂ ಕೆಟ್ಟದ್ದಕ್ಕೆ ಶಿಕ್ಷೆಯನ್ನೂ ಕೊಡುವ ದೇವರೊಬ್ಬನಿದ್ದಾನೆಂದು ನಂಬುವವರಾದರೆ ಸಾಕು, ಆ ದೇವರು ಯಾರಾದರೂ ಆಗಲಿ. ಹೀಗೆ ಹಿಂದೂಗಳಿಗೆ ಬಾಗಿಲು ತೆರೆಯಿತು, ಯಾವ ದೇವರನ್ನೂ ನಂಬದವನಿಗೆ ಅದೇ ಬಾಗಿಲು ಇನ್ನಷ್ಟು ಬಿಗಿಯಾಯಿತು. ಅವನ ಮನೆಗೆ ಕಳ್ಳ ನುಗ್ಗಿದರೂ ಕಣ್ಣಾರೆ ಕಂಡದ್ದನ್ನು ನ್ಯಾಯಾಲಯದಲ್ಲಿ ಹೇಳಲು ಅವನು ಯೋಗ್ಯನಲ್ಲ ಎಂಬುದು ಇದರ ನೇರ ಪರಿಣಾಮ. ನಂಬಿಕೆಯಿಲ್ಲದವನು ಸುಳ್ಳುಗಾರನೆಂದು ಯಾರೂ ಪರೀಕ್ಷಿಸಿ ಕಂಡುಕೊಂಡಿರಲಿಲ್ಲ. ಹಾಗೆಂದು ಊಹಿಸಿ ನಿಯಮ ಮಾಡಿದ್ದರು.

ಈ ಊಹೆ ಪೂರ್ತಿಯಾಗಿ ಸಡಿಲವಾಗಲು ಹೆಚ್ಚುಕಡಿಮೆ ಒಂದೂವರೆ ಶತಮಾನ ಬೇಕಾಯಿತು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾ ಬಹಿರಂಗ ನಾಸ್ತಿಕ. ಪ್ರಮಾಣವಚನದ ವಿವಾದದಿಂದಾಗಿ 1886ರವರೆಗೆ ಅವರಿಗೆ ಸದನದಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಲು ಆಗಲಿಲ್ಲ, ಮತದಾರರು ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದರು. 1888ರ ಕಾನೂನು ದೇವರ ಹೆಸರಿಲ್ಲದ ದೃಢೀಕರಣವನ್ನು ಎಲ್ಲರಿಗೂ ಮುಕ್ತಗೊಳಿಸಿತು. ಭಾರತದಲ್ಲಿ ಆದದ್ದೂ ಗಮನಿಸತಕ್ಕದ್ದು: 1872ರ ಸಾಕ್ಷ್ಯ ಅಧಿನಿಯಮ ಸಾಕ್ಷಿಯ ಯೋಗ್ಯತೆಯನ್ನು ಅಳೆಯುವಾಗ ಪ್ರಶ್ನೆಯನ್ನು ಅರ್ಥಮಾಡಿಕೊಂಡು ಸಮಂಜಸ ಉತ್ತರ ಕೊಡಬಲ್ಲನೆ ಎಂಬುದನ್ನು ಕೇಳಿತೇ ಹೊರತು ಅವನ ದೇವರನ್ನು ಕೇಳಲಿಲ್ಲ. 1969ರ ಪ್ರಮಾಣವಚನಗಳ ಅಧಿನಿಯಮದಲ್ಲಿ ದೇವರ ಹೆಸರಿನ ಪ್ರಮಾಣದ ಜೊತೆಗೇ ದೇವರಿಲ್ಲದ ದೃಢೀಕರಣವೂ ಇದೆ. ಪ್ರಮಾಣ ಮಾಡಿಸುವುದು ತಪ್ಪಿಹೋದರೂ ಸಾಕ್ಷ್ಯ ಅಸಿಂಧುವಾಗುವುದಿಲ್ಲವೆಂದೂ, ಸತ್ಯ ಹೇಳುವ ಹೊಣೆ ತಪ್ಪುವುದಿಲ್ಲವೆಂದೂ ಅದೇ ಅಧಿನಿಯಮ ಹೇಳುತ್ತದೆ. ಸಂವಿಧಾನದ ಮೂರನೆಯ ಅನುಸೂಚಿಯಲ್ಲೂ ಮಂತ್ರಿಗಳಿಗೆ ಇದೇ ಎರಡು ದಾರಿಗಳಿವೆ. ನರಕದ ಜಾಗದಲ್ಲಿ ನಮ್ಮ ಕಾನೂನು ಇಟ್ಟಿರುವುದು ಸುಳ್ಳು ಸಾಕ್ಷ್ಯಕ್ಕೆ ಏಳು ವರ್ಷಗಳವರೆಗಿನ ಸೆರೆವಾಸವನ್ನು.

ಆಣೆಯ ಮಾತು ಬಂದ ಮೇಲೆ ನಮ್ಮ ಜನ ನಿಜಕ್ಕೂ ಯಾವುದರ ಮೇಲೆ ಆಣೆಯಿಡುತ್ತಾರೆ ಎಂಬುದನ್ನೂ ನೋಡಬೇಕು. ದೇವರಾಣೆ ಇದ್ದೇ ಇದೆ. ಅದರ ಜೊತೆಗೆ ತಾಯಾಣೆ, ಮಕ್ಕಳಾಣೆ, ಕಣ್ಣಾಣೆ, ನಿನ್ನಾಣೆ, ತಿನ್ನುವ ಅನ್ನದ ಮೇಲಿನ ಆಣೆ. ಸ್ವರ್ಗದಾಣೆ ಎಂದಾಗಲಿ ಮುಂದಿನ ಜನ್ಮದಾಣೆ ಎಂದಾಗಲಿ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ದುಡ್ಡು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂಬ ಗಾದೆಯಲ್ಲೂ ಮಾತಿಗೆ ತಪ್ಪಿದವನನ್ನು ಮಂಜುನಾಥ ಹಿಡಿಯುವುದು ಇಲ್ಲಿಯೇ, ಅವನ ಹಟ್ಟಿಯಲ್ಲಿ, ಹೊಲದಲ್ಲಿ, ಮಕ್ಕಳ ಆರೋಗ್ಯದಲ್ಲಿ. ಅಂದರೆ ಮಾತನ್ನು ಕಟ್ಟಿಹಾಕುವ ಶಕ್ತಿಯನ್ನು ನಮ್ಮ ಭಾಷೆ ಪರಲೋಕದಲ್ಲಿ ಹುಡುಕದೆ, ಕೈಗೆಟಕುವ, ಕಳೆದುಕೊಂಡರೆ ಕರುಳು ಹಿಂಡುವ ಸಂಗತಿಗಳಲ್ಲಿ ಹುಡುಕಿದೆ. ಆಣೆ ಯಾವಾಗಲೂ ಫಲಿಸುತ್ತದೆ ಎಂದೂ ಅಲ್ಲ. 2011ರ ಜೂನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಎಚ್.ಡಿ. ಕುಮಾರಸ್ವಾಮಿ ಅವರಿಗೆ ಧರ್ಮಸ್ಥಳಕ್ಕೆ ಬಂದು ಪ್ರಮಾಣ ಮಾಡುವಂತೆ ಪತ್ರಿಕಾ ಜಾಹೀರಾತಿನಲ್ಲಿ ಸವಾಲು ಹಾಕಿದ್ದನ್ನು ರಾಜ್ಯವೆಲ್ಲ ಕುತೂಹಲದಿಂದ ನೋಡಿತು. ಇಬ್ಬರೂ ಹೋದರು, ದೇವರ ದರ್ಶನ ಮಾಡಿದರು, ಪ್ರಮಾಣ ಮಾಡದೆ ಹಿಂದಿರುಗಿದರು. ವಿವಾದ ಇದ್ದಲ್ಲೇ ಉಳಿಯಿತು.

ಹಾಗಿದ್ದರೂ ದೇವರ ನಂಬಿಕೆಯಿಲ್ಲದೆ ನೀತಿಯಿಲ್ಲ ಎಂಬ ಅಭಿಪ್ರಾಯ ಈ ದೇಶದಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ಅಂಕಿಗಳಿವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 34 ದೇಶಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನೀತಿವಂತನಾಗಿರಲು ದೇವರಲ್ಲಿ ನಂಬಿಕೆ ಅಗತ್ಯವೆಂದವರು ಭಾರತದಲ್ಲಿ ಶೇ 79. ಇಂಡೊನೇಷ್ಯಾ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಶೇ 96, ಅಮೆರಿಕದಲ್ಲಿ ಶೇ 44, ಸ್ವೀಡನ್‌ನಲ್ಲಿ ಶೇ 9. ನಮ್ಮ 2011ರ ಜನಗಣತಿಯಲ್ಲಿ ತಾವು ನಾಸ್ತಿಕರೆಂದು ಬರೆಸಿದವರು ಸುಮಾರು 33 ಸಾವಿರ ಮಂದಿ ಮಾತ್ರ. ಈ ಎರಡು ಅಂಕಿಗಳಿಗೆ ನಂಟಿದೆಯೆಂದು ನನಗೆ ತೋರುತ್ತದೆ: ಐವರಲ್ಲಿ ನಾಲ್ವರು ನಾಸ್ತಿಕನನ್ನು ನೀತಿಗೆಟ್ಟವನೆಂದು ಭಾವಿಸುವ ಕಡೆ, ಮನೆ ಬಾಗಿಲಿಗೆ ಬಂದ ಗಣತಿಯವರ ಮುಂದೆ ಆ ಪದವನ್ನು ಬರೆಸುವವರು ಎಷ್ಟು ಮಂದಿ?

ಈ ಅಂಕಿಗಳನ್ನು ಹಿಡಿದು ನಾಸ್ತಿಕರು ಮಾಡುವ ಒಂದು ವಾದವೂ ಇದೆ, ಅದೂ ಅರೆಬೆಂದದ್ದೇ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ 2024ರ ಭ್ರಷ್ಟಾಚಾರ ಸೂಚ್ಯಂಕದಲ್ಲಿ (ಅಂಕ ಹೆಚ್ಚಿದಷ್ಟೂ ಭ್ರಷ್ಟಾಚಾರ ಕಡಿಮೆ) ನೂರಕ್ಕೆ ಡೆನ್ಮಾರ್ಕ್ 90 ಅಂಕ, ಸ್ವೀಡನ್ 80, ಭಾರತ 38. ನೋಡಿ, ದೇವರನ್ನು ಬಿಟ್ಟವರೇ ಶುದ್ಧರು ಎನ್ನುತ್ತಾರೆ. ಆದರೆ ಅದೇ ಪಟ್ಟಿಯಲ್ಲಿ 84 ಅಂಕದ ಸಿಂಗಪುರದಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಬೌದ್ಧ ವಿಹಾರಗಳೆಲ್ಲ ತುಂಬಿ ತುಳುಕುತ್ತವೆ. ಸಂಬಳ ಸರಿಯಾಗಿ ಸಿಗುವ, ಅರ್ಜಿ ಹೊತ್ತಿಗೆ ವಿಲೇವಾರಿಯಾಗುವ, ತಪ್ಪಿದರೆ ಕೆಲಸ ಹೋಗುವ ಕಚೇರಿಯಲ್ಲಿ ಲಂಚ ಕಡಿಮೆಯಾಗುತ್ತದೆ. ಮೇಜಿನ ಮೇಲೆ ದೇವರ ಪಟವಿದೆಯೆ ಎಂಬುದರಿಂದ ಅದು ನಿರ್ಧಾರವಾಗುವುದಿಲ್ಲ. ಪಟದ ಕೆಳಗೇ ಲಕೋಟೆ ಕೈ ಬದಲಾಗುವುದನ್ನು ಕಂಡಿರುವ ನಮಗೆ ಇದಕ್ಕೆ ಸಮೀಕ್ಷೆ ಬೇಕಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳ ಕಾಂಪೌಂಡ್ ಗೋಡೆಗಳ ಕಡೆ ಗಮನಿಸಿ. ಮೊಣಕಾಲೆತ್ತರದಲ್ಲಿ ಸಾಲಾಗಿ ಟೈಲ್ಸ್ ಹಚ್ಚಿರುತ್ತಾರೆ: ಒಂದರ ಮೇಲೆ ವೆಂಕಟರಮಣ, ಇನ್ನೊಂದರ ಮೇಲೆ ಶಿಲುಬೆ, ಮತ್ತೊಂದರ ಮೇಲೆ ಮೆಕ್ಕಾದ ಚಿತ್ರ. ಅಲ್ಲಿ ಮೂತ್ರ ಮಾಡಬೇಡಿ ಎಂದು ಬರೆದ ಬರಹ ಮಾಡಲಾಗದ ಕೆಲಸವನ್ನು ಈ ಟೈಲ್ಸ್ ಮಾಡುತ್ತವೆ. ಗೋಡೆಯ ಬುಡ ಒಣಗಿರುತ್ತದೆ. ಹತ್ತು ಹೆಜ್ಜೆ ಮುಂದೆ, ಟೈಲ್ಸ್ ಮುಗಿದ ಕಡೆ, ನೆಲ ಒದ್ದೆಯಾಗಿರುತ್ತದೆ. ದೇವರ ಕಣ್ಣು ನೀತಿಗೆ ಆಧಾರವೆಂಬ ವಾದಕ್ಕೆ ಪರವಾದ ಸಾಕ್ಷ್ಯವೂ ವಿರುದ್ಧವಾದ ಸಾಕ್ಷ್ಯವೂ ಈ ಒಂದೇ ಗೋಡೆಯಲ್ಲಿದೆ. ಯಾರೋ ನೋಡುತ್ತಿದ್ದಾರೆಂಬ ಭಾವನೆ ಮನುಷ್ಯನನ್ನು ತಡೆಯುವುದು ನಿಜ, ಅದಕ್ಕೆ ಆ ಕಣ್ಣು ದೇವರದ್ದೇ ಆಗಿರಬೇಕಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕಾಫಿ ಕೋಣೆಯಲ್ಲಿ, ಕುಡಿದವರು ತಾವಾಗಿ ಹಣ ಹಾಕುವ ಡಬ್ಬಿಯ ಬಳಿ ಒಂದು ವಾರ ಹೂವಿನ ಚಿತ್ರವನ್ನೂ ಮರುವಾರ ಬರಿಯ ಎರಡು ಕಣ್ಣುಗಳ ಚಿತ್ರವನ್ನೂ ಅಂಟಿಸಿ ನೋಡಿದರು. ಕಣ್ಣುಗಳಿದ್ದ ವಾರಗಳಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ಹಣ ಬಿದ್ದಿತ್ತೆಂದು 2006ರಲ್ಲಿ ಪ್ರಕಟವಾಯಿತು. ಮುಂದೆ ಬೇರೆಯವರು ನಡೆಸಿದ ಇಂಥ ಪ್ರಯೋಗಗಳಲ್ಲಿ ಪರಿಣಾಮ ಒಮ್ಮೆ ಕಂಡು ಒಮ್ಮೆ ಕಾಣದಾಗಿರುವುದರಿಂದ ಇದನ್ನು ತೀರಾ ಹಿಗ್ಗಿಸಿ ಹೇಳಬಾರದು.

ಹೆಚ್ಚು ಯೋಚನೆಗೆ ಹಚ್ಚುವುದು 1973ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಉಪನ್ಯಾಸ ನೀಡಲು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿದರು. ಕೆಲವರ ಉಪನ್ಯಾಸದ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ, ಬೈಬಲ್ಲಿನ ಸಮಾರಿಟನ್‌ನ ಕಥೆಯೇ ಆಗಿತ್ತು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲಿಗೆ ಒರಗಿ ಕೆಮ್ಮುತ್ತ ನರಳುವಂತೆ ನಟಿಸುತ್ತಿದ್ದ. ಸಮಯವಿದೆ ಎಂದು ಹೇಳಿಸಿಕೊಂಡವರಲ್ಲಿ ಶೇ 63ರಷ್ಟು ಜನ ನಿಂತು ನೆರವಾದರು. ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಶೇ 10. ಅವರ ಶ್ರದ್ಧೆ ಎಂಥದ್ದು, ಬಾಯಲ್ಲಿ ಯಾವ ಕಥೆಯಿತ್ತು ಎಂಬುದಕ್ಕಿಂತ ಗಡಿಯಾರ ಹೆಚ್ಚು ಪರಿಣಾಮ ಮಾಡಿತ್ತು. ನಾಸ್ತಿಕರನ್ನು ಇದೇ ದಾರಿಯಲ್ಲಿ ಕಳುಹಿಸಿದ್ದರೆ ಅವರೂ ಬೇರೆಯಾಗಿ ವರ್ತಿಸುತ್ತಿದ್ದರೆಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ತತ್ತ್ವದ ಮಟ್ಟದಲ್ಲಿ ಈ ಪ್ರಶ್ನೆ ಗ್ರೀಸಿನಲ್ಲಿ ಸಾಕ್ರಟೀಸನ ಬಾಯಿಂದ ಬಂದಿದೆ: ದೇವರು ಮೆಚ್ಚಿದ್ದರಿಂದ ಒಂದು ಕೆಲಸ ಒಳ್ಳೆಯದಾಯಿತೆ, ಅದು ಒಳ್ಳೆಯದಾದ್ದರಿಂದ ದೇವರು ಮೆಚ್ಚಿದನೆ? ಎರಡನೆಯದು ಸರಿಯೆಂದರೆ ಒಳ್ಳೆಯದು ದೇವರಿಗಿಂತ ಮೊದಲೇ ಇದ್ದಂತಾಯಿತು. ನಮ್ಮಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದ್ದಾರೆ. ದೇವರು ಮತ್ತು ಪರಲೋಕ ಜೋಡಿಯೆಂದು ನಾವು ಸಲೀಸಾಗಿ ಹೇಳುತ್ತೇವೆ, ಅವು ಬೇರೆ ಬೇರೆ ಸಂಗತಿಗಳು. ಜೈನರಿಗೆ ಜಗತ್ತನ್ನು ಸೃಷ್ಟಿಸಿ ತೀರ್ಪು ಕೊಡುವ ದೇವರಿಲ್ಲ, ಕರ್ಮ ಮತ್ತು ಪುನರ್ಜನ್ಮಗಳಿವೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತವನನ್ನು ಸೃಷ್ಟಿಕರ್ತನೆಂದು ಯಾವ ಜೈನನೂ ಹೇಳುವುದಿಲ್ಲ. ವೇದವನ್ನು ಪರಮ ಪ್ರಮಾಣವೆಂದು ಹಿಡಿದ ಪೂರ್ವಮೀಮಾಂಸಕರೂ ಧರ್ಮಕ್ಕೆ ಈಶ್ವರನ ಅಗತ್ಯ ಕಾಣಲಿಲ್ಲ. ಇನ್ನೊಂದು ಕಡೆ ಹೀಬ್ರೂ ಧರ್ಮಗ್ರಂಥಗಳ ಹಳೆಯ ಭಾಗಗಳಲ್ಲಿ ದೇವರು ಪ್ರತಿ ಪುಟದಲ್ಲೂ ಇದ್ದಾನೆ, ಸತ್ತ ಮೇಲಿನ ಬಹುಮಾನದ ಮಾತು ಇಲ್ಲವೆನ್ನುವಷ್ಟು ಕಡಿಮೆ. ದಶಾಜ್ಞೆಗಳಲ್ಲಿ ತಂದೆತಾಯಿಯರನ್ನು ಗೌರವಿಸಿದರೆ ದೊರೆಯುವುದೆಂದು ಹೇಳಿರುವುದು ಸ್ವರ್ಗವಲ್ಲ, ಈ ನೆಲದ ಮೇಲಿನ ದೀರ್ಘಾಯುಷ್ಯ.

ಬುದ್ಧನ ಬಳಿ ಕಾಲಾಮರೆಂಬ ಜನ ಕೇಳಿದ್ದು ಹೆಚ್ಚುಕಡಿಮೆ ನಮ್ಮ ಪ್ರಶ್ನೆಯನ್ನೇ. ಒಬ್ಬೊಬ್ಬ ಗುರು ಬಂದು ಒಂದೊಂದು ಹೇಳುತ್ತಾನೆ, ಯಾರನ್ನು ನಂಬಬೇಕು? ದ್ವೇಷವಿಲ್ಲದೆ ಬದುಕಿದವನಿಗೆ ಸಿಗುವ ಸಮಾಧಾನಗಳನ್ನು ಬುದ್ಧ ಹೇಳುವ ಕ್ರಮ ಲೆಕ್ಕಾಚಾರದ ಮನುಷ್ಯನ ಮಾತಿನಂತಿದೆ: ಪರಲೋಕವಿದ್ದರೆ ಅಲ್ಲಿ ಒಳ್ಳೆಯದಾಗುತ್ತದೆ, ಇಲ್ಲದಿದ್ದರೆ ಇಲ್ಲಿಯೇ ವೈರವಿಲ್ಲದೆ ನೆಮ್ಮದಿಯಾಗಿ ಇದ್ದಂತಾಯಿತು. ಪರಲೋಕದ ಪ್ರಶ್ನೆ ಇತ್ಯರ್ಥವಾಗುವವರೆಗೆ ನೀತಿ ಕಾಯಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸತ್ಯವ ನುಡಿವುದೇ ದೇವಲೋಕ, ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದರು. ಅವರು ದೈವಭಕ್ತರು, ಕೂಡಲಸಂಗಮದೇವನಿಲ್ಲದೆ ಅವರ ವಚನ ಮುಗಿಯುವುದಿಲ್ಲ. ಆದರೂ ಸ್ವರ್ಗವನ್ನು ಸಾವಿನ ಆಚೆಯಿಂದ ಎಳೆದು ತಂದು ದಿನನಿತ್ಯದ ನಡೆಯೊಳಗೆ ಇಟ್ಟರು. ಈ ವಚನವನ್ನು ಮದುವೆ ಮಂಟಪದಲ್ಲೂ ಶಾಲಾ ಗೋಡೆಯ ಮೇಲೂ ಬರೆಯುವ ನಾವೇ ನರಕದ ಭಯವಿಲ್ಲದಿದ್ದರೆ ಮಕ್ಕಳು ಕೆಡುತ್ತಾರೆ ಎನ್ನುವುದು ವಿಚಿತ್ರ.

ಅಂಬೇಡ್ಕರ್ ನಿಲುವು ಆಸ್ತಿಕ, ನಾಸ್ತಿಕ ಎರಡೂ ಪಕ್ಷದವರಿಗೆ ಕಿರಿಕಿರಿ ಮಾಡುವಂಥದ್ದು, ಅದರಿಂದಲೇ ಅದು ಮುಖ್ಯ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ ಅವರು ಧರ್ಮವೇ ಬೇಡವೆಂದವರಲ್ಲ. ದೇವರು, ಆತ್ಮ, ಜಾತಿಯನ್ನು ಸಮರ್ಥಿಸುವ ಪೂರ್ವಜನ್ಮದ ಕರ್ಮ ಇವುಗಳನ್ನೆಲ್ಲ ತೆಗೆದುಹಾಕಿ, ದೇವರಿದ್ದ ಜಾಗದಲ್ಲಿ ನೀತಿಯನ್ನೇ ಕೂರಿಸಿದರು. ಒಬ್ಬನೇ ಮನುಷ್ಯನಿದ್ದರೆ ಧಮ್ಮ ಬೇಕಿಲ್ಲ, ಇಬ್ಬರು ಒಟ್ಟಿಗೆ ಬಾಳಬೇಕಾದ ಕೂಡಲೇ ಬೇಕು ಎಂಬುದು ಅವರ ತರ್ಕ. ನೀತಿ ಹುಟ್ಟುವ ಜಾಗವನ್ನು ಅವರು ಮೇಲೆ ತೋರಿಸದೆ ಇಬ್ಬರ ನಡುವೆ ತೋರಿಸಿದರು. ನನಗೆ ಇದು ಸರಿಯಾದ ವಿಳಾಸವೆನಿಸುತ್ತದೆ.

ಬ್ರಾಡ್ಲಾ ಅವರ ಕಥೆಗೆ ಭಾರತದಲ್ಲೊಂದು ಮುಂದುವರಿಕೆಯಿದೆ. 1891ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧಿಯೂ ಒಬ್ಬರು. ನಲವತ್ತು ವರ್ಷಗಳ ನಂತರ, 1931ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲಾಸನ್‌ನಲ್ಲಿ, ದೇವರೇ ಸತ್ಯ ಎನ್ನುತ್ತಿದ್ದ ತಾವು ಸತ್ಯವೇ ದೇವರು ಎನ್ನತೊಡಗಿದ್ದೇಕೆ ಎಂದು ವಿವರಿಸುವಾಗ ಅವರು ಬ್ರಾಡ್ಲಾರನ್ನು ನೆನೆದರು. ಬ್ರಾಡ್ಲಾ ತಮ್ಮನ್ನು ನಾಸ್ತಿಕ ಎಂದುಕೊಂಡರೂ ತಾವು ಅವರನ್ನು ದೈವಭೀರು ಎಂದೇ ಕರೆಯುವುದಾಗಿ ಹೇಳಿದರು. ಹೊಗಳಿಕೆಯೇ ನಿಜ, ಆದರೆ ಆರು ವರ್ಷ ಪ್ರಮಾಣವಚನಕ್ಕಾಗಿ ಹೋರಾಡಿದ ಆ ಮನುಷ್ಯ ಬದುಕಿದ್ದರೆ ಇದನ್ನು ನಕ್ಕು ಸ್ವೀಕರಿಸುತ್ತಿದ್ದರೆ ಎಂಬ ಅನುಮಾನ ನನಗಿದೆ. ಒಳ್ಳೆಯವನಾಗಿದ್ದರೆ ಅವನು ಒಳಗೊಳಗೆ ಆಸ್ತಿಕನೇ ಎಂಬ ಈ ಜಾಣ್ಮೆ ನಮ್ಮಲ್ಲಿಯೂ ಬಳಕೆಯಲ್ಲಿದೆ. ಆಂಧ್ರದ ಗೋರಾ ಅವರ ಜೊತೆಗೆ ಗಾಂಧಿ ಇನ್ನೂ ದೂರ ಹೋದರು. 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿ ಅಸ್ಪೃಶ್ಯತೆಯ ವಿರುದ್ಧ ದುಡಿಯುತ್ತಿದ್ದ ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಸೇವಾಗ್ರಾಮದಲ್ಲಿ ಅದನ್ನು ನಡೆಸಲು ಗಾಂಧಿ ಒಪ್ಪಿದ್ದರು. ವಿಧಿಯ ಮಾತುಗಳಲ್ಲಿ ದೇವರೆಂಬ ಕಡೆ ಸತ್ಯವೆಂದು ಬದಲಿಸಲೂ ಒಪ್ಪಿದ್ದರು. ಅವರ ಹತ್ಯೆಯಾದ ಕೆಲವೇ ವಾರಗಳಲ್ಲಿ, 1948ರ ಮಾರ್ಚ್‌ನಲ್ಲಿ ಆ ಮದುವೆ ಅಲ್ಲಿಯೇ ನಡೆಯಿತು.

ಕರ್ನಾಟಕದಲ್ಲಿ ಈ ಮಾತಿಗೆ ತಟ್ಟನೆ ನೆನಪಾಗುವವರು ಎಚ್. ನರಸಿಂಹಯ್ಯ. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯಿಂದ ಬಂದು, 1942ರ ಚಳವಳಿಯಲ್ಲಿ ಜೈಲಿಗೆ ಹೋಗಿ, ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲೇ ಬಾಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿ ರಚಿಸಿ ದೊಡ್ಡವರ ಕೋಪಕ್ಕೆ ಗುರಿಯಾದರು. ಖಾದಿ ಬಟ್ಟೆ, ಗಾಂಧಿ ಟೋಪಿ, ಸ್ವಂತಕ್ಕೆಂದು ಏನನ್ನೂ ಕೂಡಿಡದ ಬದುಕು. ಅವರನ್ನು ಹತ್ತಿರದಿಂದ ಕಂಡವರು ಕೊನೆಗೆ ಹೇಳುತ್ತಿದ್ದದ್ದು ಒಂದೇ ಮಾತು: ದೇವರಂಥ ಮನುಷ್ಯ. ಪಾಪ, ಅವರು ಏನು ಮಾಡಿದರೂ ಈ ಬಿರುದು ತಪ್ಪಲಿಲ್ಲ.

ಇಲ್ಲೊಂದು ಆಕ್ಷೇಪಣೆಯನ್ನು ಎದುರಿಸಬೇಕು. ಇಂಥವರು ಧರ್ಮ ಕೂಡಿಟ್ಟ ಗಂಟಿನ ಬಡ್ಡಿಯಲ್ಲಿ ಬದುಕಿದವರು, ಶ್ರದ್ಧಾವಂತ ತಾಯಂದಿರ ಮಡಿಲಲ್ಲಿ ಕಲಿತ ನೀತಿಯನ್ನೇ ಮುಂದೆ ದೇವರಿಲ್ಲದೆ ನಡೆಸಿಕೊಂಡು ಹೋದವರು, ಎರಡು ಮೂರು ತಲೆಮಾರು ಕಳೆದರೆ ಅಸಲೂ ಕರಗುತ್ತದೆ ಎಂಬುದು ಆ ಆಕ್ಷೇಪಣೆ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ದಾಸರ ಪದ, ವಚನ, ಹರಿಕಥೆಗಳನ್ನು ಕೇಳದೆ ಬೆಳೆದ ನರಸಿಂಹಯ್ಯನವರನ್ನು ಊಹಿಸಿಕೊಳ್ಳುವುದು ಕಷ್ಟ. ಆದರೆ ಸಾಲದ ಲೆಕ್ಕ ಎರಡೂ ಕಡೆ ನಡೆಯುತ್ತದೆ. ಸಹಗಮನ, ದೇವದಾಸಿ ಪದ್ಧತಿ, ಅಸ್ಪೃಶ್ಯತೆಗಳು ಪಾಪವೆಂದು ಇಂದಿನ ಆಸ್ತಿಕನಿಗೆ ಅನ್ನಿಸುವುದರಲ್ಲಿ, ಅವನ್ನು ಧರ್ಮವೆಂದು ಸಾಧಿಸಿದ ಶಾಸ್ತ್ರಗಳನ್ನು ಪ್ರಶ್ನಿಸಿದವರ ಪಾಲು ದೊಡ್ಡದು. ಅವರಲ್ಲಿ ಭಕ್ತರೂ ಇದ್ದರು, ನಾಸ್ತಿಕರೂ ಇದ್ದರು.

ಭರವಸೆಯ ಪ್ರಶ್ನೆ ಇಷ್ಟು ಸುಲಭವಲ್ಲ. ನೀತಿಯ ವಿಷಯದಲ್ಲಿ ನಂಬದವನ ಉತ್ತರ ಗಟ್ಟಿಯಾಗಿದೆ, ಸಾವಿನ ಮನೆಯಲ್ಲಿ ಅವನು ತಡವರಿಸುತ್ತಾನೆ. ನಮ್ಮ ಬಂಧುಗಳಲ್ಲಿ ಒಬ್ಬರು ದೇಹದಾನಕ್ಕೆ ಬರೆದುಕೊಟ್ಟಿದ್ದರು, ಯಾವ ಕ್ರಿಯೆಯೂ ಬೇಡವೆಂದಿದ್ದರು. ಬೆಳಗ್ಗೆ ತೀರಿಕೊಂಡರು, ಮಧ್ಯಾಹ್ನ ವೈದ್ಯಕೀಯ ಕಾಲೇಜಿನ ವಾಹನ ಬಂದು ಹೋಯಿತು. ಸಂಜೆ ಐದಕ್ಕೆ ಆ ಮನೆಯಲ್ಲಿ ಯಾರಿಗೂ ಮಾಡಲು ಕೆಲಸವಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಬಾಗಿಲವರೆಗೆ ಬಂದು, ಒಲೆ ಹಚ್ಚಬಹುದೋ ಬಾರದೋ, ಸ್ನಾನ ಮಾಡಿ ಬರಬೇಕೋ ಬೇಡವೋ, ಎಂದು ಬರಬೇಕು ಎಂದು ಕೇಳಿದರು. ತೀರಿಕೊಂಡವರ ಮಗಳಿಗೆ ಉತ್ತರ ಗೊತ್ತಿರಲಿಲ್ಲ. ಹನ್ನೊಂದನೆಯ ದಿನ ಅವಳೇ ಎಲ್ಲರಿಗೂ ಫೋನ್ ಮಾಡಿ, ಯಾವ ಹೆಸರೂ ಇಲ್ಲದೆ, ಊಟಕ್ಕೆ ಕರೆದಳು. ಅಪ್ಪನಿಗೆ ಇಷ್ಟವಾಗಿದ್ದ ಹುರುಳಿಕಾಳಿನ ಸಾರು ಮಾಡಿಸಿದ್ದಳು. ಅಂದೇ ಆ ಮನೆಯಲ್ಲಿ ಮೊದಲ ಸಲ ಜನ ಗಟ್ಟಿಯಾಗಿ ಅತ್ತದ್ದು.

ಧರ್ಮ ಕೊಡುವ ಭರವಸೆಯಲ್ಲಿ ಸಿದ್ಧಾಂತದ ಪಾಲೆಷ್ಟು, ಇಂಥ ಕೂಡುವಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಒಂದು ಸುಳಿವಿದೆ. 2019ರಲ್ಲಿ ಪ್ಯೂ ಕೇಂದ್ರ ಪ್ರಕಟಿಸಿದ ವರದಿಯ ಪ್ರಕಾರ ಅಮೆರಿಕದಲ್ಲಿ ತಿಂಗಳಿಗೊಮ್ಮೆಯಾದರೂ ಪ್ರಾರ್ಥನಾ ಸಭೆಗೆ ಹೋಗುವವರಲ್ಲಿ ತಾವು ಬಹಳ ಸಂತೋಷವಾಗಿದ್ದೇವೆಂದವರು ಶೇ 36. ಯಾವ ಧರ್ಮಕ್ಕೂ ಸೇರದವರಲ್ಲಿ ಶೇ 25. ಒಂದು ಧರ್ಮಕ್ಕೆ ಸೇರಿದ್ದೂ ಸಭೆಗೆ ಹೋಗದವರಲ್ಲಿಯೂ ಅಷ್ಟೇ, ಶೇ 25. ಮನೆಯಲ್ಲೇ ಕುಳಿತು ಧರ್ಮವನ್ನು ಹೆಸರಿಗೆ ಇಟ್ಟುಕೊಂಡವನಿಗೆ ಅದರಿಂದ ಹೆಚ್ಚಿನ ನೆಮ್ಮದಿಯೇನೂ ದೊರೆತಿಲ್ಲ. ಜನರ ಜೊತೆ ಹೋಗಿ ಕೂತವನಿಗೆ ದೊರೆತಿದೆ. ನೆಮ್ಮದಿಯಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂದೂ ವಾದಿಸಬಹುದಾದ್ದರಿಂದ ಇದು ಸುಳಿವಷ್ಟೇ. ನಮ್ಮ ವಿಚಾರವಾದಿಗಳು ಪವಾಡ ಬಯಲು ಮಾಡುವುದರಲ್ಲಿ ತೋರಿಸಿದ ಶ್ರದ್ಧೆಯ ಕಾಲುಭಾಗವನ್ನಾದರೂ ಸಾವಿನ ಮನೆಯ ಆ ಹನ್ನೊಂದು ದಿನಗಳಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ದೂರು.

ಸತ್ತ ಮೇಲೂ ಏನೋ ಉಳಿಯುತ್ತದೆ ಎಂಬ ಆಸೆಗೆ ಕನ್ನಡಿಗರು ಕಂಡುಕೊಂಡ ಒಂದು ದಾರಿಯಿದೆ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗಲೂ 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗಲೂ ಕಣ್ಣುಗಳ ದಾನವಾಯಿತು. ಪುನೀತ್ ಅವರ ಎರಡು ಕಾರ್ನಿಯಾಗಳ ಮುಂಪದರ, ಹಿಂಪದರಗಳನ್ನು ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅವರಲ್ಲಿ ಬಹುಪಾಲು ದೈವಭಕ್ತರೇ ಇದ್ದಿರಬೇಕು, ಯಾರೂ ಅವರ ಸಿದ್ಧಾಂತ ಕೇಳಲಿಲ್ಲ. ಆದರೆ ನೇತ್ರದಾನದ ಕಾರ್ಯಕರ್ತರನ್ನು ಕೇಳಿದರೆ, ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಲು ಮನೆಯವರನ್ನು ಒಪ್ಪಿಸುವಾಗ ಎದುರಾಗುವ ಹಳೆಯ ಅಡ್ಡಿಯನ್ನು ಹೇಳುತ್ತಾರೆ: ಕಣ್ಣು ಕೊಟ್ಟು ಹೋದರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ. ಪರಲೋಕದ ಚಿಂತೆ ಒಳ್ಳೆಯ ಕೆಲಸಕ್ಕೆ ಎಷ್ಟು ಪ್ರೇರಣೆಯೋ ಅಷ್ಟೇ ತಡೆಯೂ ಆಗಬಲ್ಲದು.

ಉಳಿದದ್ದು ನ್ಯಾಯದ ಆಸೆ. ಪರಲೋಕದ ಪರವಾದ ಅತ್ಯಂತ ಗಂಭೀರ ವಾದ ಇದೇ ಎಂದು ನಾನು ತಿಳಿದಿದ್ದೇನೆ. ದೇವರಿಲ್ಲದೆಯೂ ಕರ್ತವ್ಯ ಕರ್ತವ್ಯವೇ ಎಂದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೂಡ ಇಲ್ಲಿಗೆ ಬಂದು ದೇವರನ್ನೂ ಅಮರತ್ವವನ್ನೂ ಮರಳಿ ಕರೆದ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಗೆ ಬೆಂಕಿ ಹಚ್ಚಿ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸತ್ತ ಆ ಏಳು ಮಂದಿಗೆ ನಂಬದವನ ಬಳಿ ಯಾವ ಪರಿಹಾರವೂ ಇಲ್ಲ, ಇದೆಯೆಂದು ನಟಿಸಬಾರದು. ನಂಬುವವನ ಬಳಿ ಉತ್ತರವಿದೆ, ಆದರೆ ಅದು ತುಂಬ ಸಲೀಸಾಗಿ ಬರುತ್ತದೆ. ಮೇಲೊಬ್ಬ ನೋಡಿಕೊಳ್ಳುತ್ತಾನೆ ಎಂಬ ಮಾತಿನ ಪಕ್ಕದಲ್ಲೇ ನಮ್ಮ ಭಾಷೆ ಇನ್ನೊಂದನ್ನೂ ಇಟ್ಟುಕೊಂಡಿದೆ: ಅವರು ಪಡೆದು ಬಂದದ್ದೇ ಅಷ್ಟು. ಮೊದಲನೆಯದು ಕೊಂದವನಿಗೆ ವಾಯಿದೆ ಕೊಡುತ್ತದೆ, ಎರಡನೆಯದು ಸತ್ತವನ ಮೇಲೆಯೇ ತಪ್ಪು ಹೊರಿಸುತ್ತದೆ.

ಕಂಬಾಲಪಲ್ಲಿಯ ಮೊಕದ್ದಮೆ ಬಿದ್ದುಹೋಗಲು ಮುಖ್ಯ ಕಾರಣ ಸಾಕ್ಷಿಗಳು ತಿರುಗಿ ಬಿದ್ದದ್ದು. ಅವರೂ ಕಟಕಟೆ ಹತ್ತಿ ಪ್ರಮಾಣ ಮಾಡಿದವರೇ. ಅವರಿಗೆ ಮುಂದಿನ ಲೋಕದ ಭಯ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು? ಆಚೆಯ ಲೋಕಕ್ಕಿಂತ ಹತ್ತಿರದಲ್ಲಿ ಅವರ ಊರಿತ್ತು, ಅಲ್ಲಿ ನೀರು, ಕೂಲಿ, ದಾರಿ ಎಲ್ಲವೂ ಬೇರೆಯವರ ಕೈಯಲ್ಲಿತ್ತು. ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರ್‌ನಲ್ಲಿ, ಕಂಬಾಲಪಲ್ಲಿಗೆ ಹದಿನೆಂಟು ವರ್ಷ ತಡವಾಗಿ. ಅಂದು ತಾಲ್ಲೂಕು ನ್ಯಾಯಾಲಯದಲ್ಲಿ ಟವೆಲನ್ನು ಕಂಕುಳಲ್ಲಿ ಇರುಕಿಕೊಂಡು ಪ್ರಮಾಣ ಮಾಡಿದ ಹಿರಿಯರು ಹೇಳಿಕೆ ಮುಗಿಸಿ ಹೊರಬಂದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ನಡೆದರು. ಊರಿನ ಬಸ್ಸು ನಿಂತಿತ್ತು, ಎದುರು ಪಕ್ಷದವರು ಆಗಲೇ ಹತ್ತಿ ಕೂತಿದ್ದರು. ಹಿರಿಯರು ಅದನ್ನು ಬಿಟ್ಟು, ಸಂಜೆಯ ಬಸ್ಸಿಗೆಂದು ಕಲ್ಲುಬೆಂಚಿನ ಮೇಲೆ ಕೂತರು.